ಡೆಲಿವರಿ ನಮ್ಮೂರಿಗೂ ಉಂಟು, ರಿಟರ್ನ್ ಮಾತ್ರ ಇಲ್ಲ

ಹೊಸ ವಸ್ತು ಕೆಟ್ಟು ಬಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ರಿಟರ್ನ್ ಹಾಕೋ, ಮುಗೀತು." ಇಯರ್‌ಫೋನ್ ಒಂದೇ ಕಿವಿಗೆ ಕೇಳಿಸ್ತಾ ಇದೆಯಾ? ರಿಟರ್ನ್ ಹಾಕು. ಕ್ಯಾಲ್ಕುಲೇಟರ್ ಬಟನ್ ಒತ್ತಿದ್ರೆ ಮೇಲೆ ಬರ್ತಿಲ್ವಾ? ರಿಟರ್ನ್ ಹಾಕು. ಈ ಮಾತು ಎಷ್ಟು ರೂಢಿ ಆಗಿಬಿಟ್ಟಿದೆ ಅಂದ್ರೆ, ಆ ವಸ್ತು ಹಂಗೇ ಕೆಟ್ಟದ್ದು ಕಾರ್ಖಾನೆಯ ಗೇಟ್ ದಾಟಿ ಹೊರಗೆ ಬಂದಿದ್ದಾದರೂ ಹೇಗೆ ಅಂತ ಕೇಳೋದನ್ನೇ ನಾವು ಬಿಟ್ಟಿದ್ದೀವಿ. ನಾಳೆ ಎಂಜಿನಿಯರ್ ಆಗೋರು ನಾವು. ಆ ಪ್ರಶ್ನೆ ನಾವಲ್ಲದೆ ಇನ್ಯಾರು ಕೇಳಬೇಕು?

ನನ್ನ ವಾದ ಇಷ್ಟೇ. ರಿಟರ್ನ್ ಸೌಲಭ್ಯ ಇದೆ ಅಂದ ಮಾತ್ರಕ್ಕೆ ಗುಣಮಟ್ಟ ಇದೆ ಅಂತ ಅರ್ಥ ಅಲ್ಲ. ಕಾರ್ಖಾನೆಯಲ್ಲಿ ಆಗಬೇಕಾದ ಕೊನೆಯ ತಪಾಸಣೆಯನ್ನ ಗಿರಾಕಿಯ ಮನೆಗೆ ವರ್ಗಾಯಿಸೋ ಉಪಾಯ ಅದು. ಇದಕ್ಕೆ ಬೆಲೆ ತೆರೋದು ಎಲ್ಲರೂ ಸಮವಾಗಿ ಅಲ್ಲ. ಊರು ದೂರ ಇದ್ದಷ್ಟೂ ಬೆಲೆ ಜಾಸ್ತಿ. ಇದನ್ನ ನಾನು ಒಂದು ಗೇಣು ಉದ್ದದ ರೈಲ್ ಎಂಜಿನ್ ಇಟ್ಟುಕೊಂಡು ಹೇಳ್ತೀನಿ.

ಮಾಡೆಲ್ ರೈಲು ಅಂದ್ರೆ ಜಾತ್ರೆಯಲ್ಲಿ ಸಿಗೋ ಕೀಲಿ ಕೊಡೋ ಗಾಡಿ ಅಲ್ಲ. ನಿಜವಾದ ರೈಲನ್ನ ಅಳತೆ ತಪ್ಪದ ಹಾಗೆ ಕುಗ್ಗಿಸಿ ಮಾಡಿದ ಪ್ರತಿರೂಪ. ಹೆಚ್ಚು ಬಳಕೆಯಲ್ಲಿರೋದು ಎಚ್‌ಒ ಅನ್ನೋ ಅಳತೆ: 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಅಂತರ, ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರ್‌ಗೆ 12 ವೋಲ್ಟ್ ಕರೆಂಟ್. ಪುಣೆಯ ಕೋಥ್ರೂಡ್‌ನಲ್ಲಿ 1998ರಿಂದ ಇರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿದವರಿಗೆ ನಾನು ಏನು ಹೇಳ್ತಿದ್ದೀನಿ ಅಂತ ಗೊತ್ತಾಗುತ್ತೆ. ಇಡೀ ಊರು, ಸ್ಟೇಷನ್, ಸಿಗ್ನಲ್ ಎಲ್ಲ ಒಂದು ಕೋಣೆಯೊಳಗೆ.

ನಮ್ಮದು ದುಬಲಗುಂಡಿ, ಹುಮನಾಬಾದ್ ಹತ್ತಿರ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ರೈಲು ಅಂದ್ರೆ ಬರೀ ಮಾತು. ಬೀದರ್–ಕಲಬುರಗಿ ನಡುವಿನ 110 ಕಿ.ಮೀ. ಹಳಿ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್ 29ಕ್ಕೆ. ಹುಮನಾಬಾದ್‌ನಲ್ಲಿ ರೈಲು ನಿಲ್ಲೋಕೆ ಶುರುವಾದ ಮೇಲೆ ನಮ್ಮ ಕಾಕಾಗೆ ರೈಲಿನ ಹುಚ್ಚು ಹತ್ತಿತು. ಎರಡು ವರ್ಷ ದುಡ್ಡು ಕೂಡಿಸಿ, ಹನ್ನೊಂದು ಸಾವಿರ ರೂಪಾಯಿ ಕೊಟ್ಟು ಒಂದು ಎಚ್‌ಒ ಡೀಸೆಲ್ ಎಂಜಿನ್ ತರಿಸಿದ್ರು. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ.

ಬಾಕ್ಸ್ ತೆಗೆದಾಗ ಒಂದು ಕೈಪಿಡಿ ಕಂಬಿ ಕಳಚಿ ಕೆಳಗೆ ಬಿದ್ದಿತ್ತು. ಇರಲಿ, ಗಮ್ ಹಚ್ಚಿದ್ರಾಯ್ತು. ಸೀದಾ ಹಳಿ ಮೇಲೆ ಎಂಜಿನ್ ಚೆನ್ನಾಗೇ ಓಡ್ತು. ಆದ್ರೆ ಹಳಿ ಕವಲೊಡೆಯೋ ಜಾಗ, ಅಂದ್ರೆ ಪಾಯಿಂಟ್ ಬಂದ ಕೂಡ್ಲೇ ಎಗರಿ ಪಕ್ಕಕ್ಕೆ ಬೀಳ್ತಿತ್ತು. ಹತ್ತು ಸಲ ಓಡಿಸಿದ್ರೆ ಹತ್ತು ಸಲವೂ. "ಹನ್ನೊಂದು ಸಾವಿರ ಕೊಟ್ಟೀನಿ, ಹಳಿ ಮ್ಯಾಲ ನಿಲ್ಲವಲ್ದಲ್ಲೋ ತಮ್ಮಾ" ಅಂದ್ರು ಕಾಕಾ. ರಜೆ ಮುಗಿಸಿ ಬರುವಾಗ ಅದನ್ನ ಬ್ಯಾಗ್‌ನಲ್ಲಿ ಹಾಕ್ಕೊಂಡು ಬಂದೆ. ಮೆಟ್ರಾಲಜಿ ಲ್ಯಾಬ್‌ನಲ್ಲಿ ಸರ್ ಪರ್ಮಿಷನ್ ತಗೊಂಡು ಡಿಜಿಟಲ್ ವರ್ನಿಯರ್ ಇಟ್ಟು ನೋಡಿದೆ. ಒಂದೇ ಆಕ್ಸಲ್‌ನ ಎರಡು ಗಾಲಿಗಳ ಒಳಮೈ ನಡುವಿನ ಅಂತರ 14.4 ಮಿ.ಮೀ. ಆಸುಪಾಸು ಇರಬೇಕು. ಐದು ಆಕ್ಸಲ್‌ಗಳಲ್ಲಿ ಅಷ್ಟೇ ಇತ್ತು. ಆರನೆಯದರಲ್ಲಿ 14.1. ಗಾಲಿಯನ್ನ ಆಕ್ಸಲ್‌ಗೆ ಒತ್ತಿ ಕೂರಿಸುವಾಗ ಸ್ವಲ್ಪ ಜಾಸ್ತಿ ಒಳಗೆ ಹೋಗಿದೆ. ಸೀದಾ ಹಳಿ ಮೇಲೆ ಇದು ಗೊತ್ತೇ ಆಗಲ್ಲ. ಪಾಯಿಂಟ್‌ನಲ್ಲಿ ಗಾಲಿಯನ್ನ ದಾರಿಗೆ ಹಿಡಿಯೋಕೆ ಅಂತ ಒಳಗಡೆ ಇನ್ನೊಂದು ತುಂಡು ಹಳಿ ಇರುತ್ತಲ್ಲ, ಗಾಲಿಯ ಬೆನ್ನು ಅದಕ್ಕೆ ತಾಗಿ ಮೇಲೆ ಹತ್ತುತ್ತೆ. ಕಥೆ ಮುಗೀತು.

0.3 ಮಿ.ಮೀ. ಅಷ್ಟೇನಾ ಅಂತ ನಗಬೇಡಿ. 87ರಿಂದ ಗುಣಿಸಿ: 26 ಮಿ.ಮೀ. ಆಯ್ತು. ನಿಜವಾದ ಬ್ರಾಡ್‌ಗೇಜ್‌ನಲ್ಲಿ ಹಳಿಗಳ ಅಂತರ 1676 ಮಿ.ಮೀ., ಗಾಲಿಗಳ ಒಳಮೈ ಅಂತರ 1600 ಮಿ.ಮೀ. ಅದರಲ್ಲಿ ನಮ್ಮ ರೈಲ್ವೆ ಒಪ್ಪೋ ವ್ಯತ್ಯಾಸ 2 ಮಿ.ಮೀ. ಜಾಸ್ತಿ ಅಥವಾ 1 ಮಿ.ಮೀ. ಕಮ್ಮಿ. 26 ಮಿ.ಮೀ. ಕಮ್ಮಿ ಇರೋ ಗಾಲಿ ಜೋಡಿಯನ್ನ ಯಾವ ಷೆಡ್‌ನವರೂ ಗಾಡಿಗೆ ಹಾಕಲ್ಲ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೀತಿರೋ ರೈಲು ಗಾಲಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಗಾಲಿಗಳು ಅಲ್ಟ್ರಾಸಾನಿಕ್ ಪರೀಕ್ಷೆ, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ದಾಟಿಯೇ ಹೊರಗೆ ಬರಬೇಕು. ಅಲ್ಲಿ "ತಗೊಂಡು ಹೋಗಿ, ಕೆಟ್ಟಿದ್ರೆ ರಿಟರ್ನ್ ಹಾಕಿ" ಅನ್ನೋಕೆ ಆಗುತ್ತಾ?

"ಅದು ಪ್ರಾಣದ ಪ್ರಶ್ನೆ, ಇದು ಆಟದ ಸಾಮಾನು" ಅಂತೀರಾ? ಒಪ್ಪಿದೆ. ಆಟದ ಎಂಜಿನ್‌ಗೆ ಅಲ್ಟ್ರಾಸಾನಿಕ್ ಬೇಡ. ಆದ್ರೆ ಇಲ್ಲಿ ಬೇಕಾಗಿದ್ದು ಒಂದು ತಗಡಿನ ತುಂಡು. ಗೋ–ನೋಗೋ ಗೇಜ್ ಅಂತ ನಾವು ಓದ್ತೀವಲ್ಲ, ಅದೇ. ಒಳಗೆ ಹೋದ್ರೆ ಪಾಸ್, ಹೋಗದಿದ್ರೆ ಫೇಲ್. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ, 1935ರಲ್ಲಿ ಶುರುವಾದದ್ದು, ಗಾಲಿ ಮತ್ತು ಹಳಿ ಅಳತೆಗೆ ಮಾನದಂಡ ಬರೆದು ಇಂಥದ್ದೇ ಒಂದು ಗೇಜನ್ನೂ ಮಾಡಿದೆ. ಹವ್ಯಾಸಿಯ ಜೇಬಲ್ಲಿ ಇರೋ ಗೇಜ್ ಕಾರ್ಖಾನೆಯ ಮೇಜಿನ ಮೇಲೆ ಯಾಕೆ ಇರಬಾರದು? ಆರು ಆಕ್ಸಲ್‌ಗೆ ಅರ್ಧ ನಿಮಿಷ ಸಾಕು.

ಹಂಗಾದ್ರೆ ತಪ್ಪು ಹೊರಗೆ ಬರೋದು ಹೇಗೆ? ಸ್ವಲ್ಪ ಲೆಕ್ಕ ಮಾಡೋಣ. ಒಂದು ಎಂಜಿನ್‌ನಲ್ಲಿ ಸರಿಯಾಗಿ ಆಗಲೇಬೇಕಾದ ಕೆಲಸ 100 ಇದೆ ಅಂತ ಇಟ್ಕೊಳ್ಳಿ: ಗಾಲಿ ಒತ್ತೋದು, ವೈರ್ ಬೆಸುಗೆ, ಗೇರ್ ಕೂರಿಸೋದು, ಸ್ಕ್ರೂ, ಬಣ್ಣ, ಹೀಗೆ. ಒಂದೊಂದು ಕೆಲಸವೂ 99.9% ಸರಿ ಆಗುತ್ತೆ ಅಂದ್ರೆ ಕೇಳೋಕೆ ಅದ್ಭುತ. ಆದ್ರೆ 0.999ನ್ನ ನೂರು ಸಲ ಗುಣಿಸಿದ್ರೆ ಉಳಿಯೋದು ಸುಮಾರು 0.905. ಅಂದ್ರೆ ಸಾವಿರ ಎಂಜಿನ್‌ನಲ್ಲಿ ಸುಮಾರು 95ರಲ್ಲಿ ಏನಾದರೊಂದು ದೋಷ. ಒಬ್ಬೊಬ್ಬ ಕೆಲಸಗಾರನೂ ಸಾವಿರಕ್ಕೆ ಒಂದೇ ತಪ್ಪು ಮಾಡಿದರೂ ಹತ್ತು ಗಿರಾಕಿಗಳಲ್ಲಿ ಒಬ್ಬನಿಗೆ ಹೆಚ್ಚು ಕಮ್ಮಿ ಕೆಟ್ಟ ಮಾಲು. ತಪ್ಪು ಕೆಲಸಗಾರನದ್ದಲ್ಲ, ನಡುವೆ ತಪಾಸಣೆ ಇಡದ ವ್ಯವಸ್ಥೆಯದ್ದು.

ಈಗ ಕಂಪನಿ ಹೇಳುತ್ತೆ, ನಾವು ಸ್ಯಾಂಪಲ್ ತೆಗೆದು ನೋಡ್ತೀವಿ ಅಂತ. ಹತ್ತಕ್ಕೆ ಒಂದು ಕೆಟ್ಟಿರೋ ದೊಡ್ಡ ಬ್ಯಾಚ್‌ನಿಂದ 5 ಎಂಜಿನ್ ತೆಗೆದು ನೋಡಿದ್ರೆ, ಐದೂ ಒಳ್ಳೇವೇ ಸಿಗೋ ಸಾಧ್ಯತೆ 59%. ನಾಣ್ಯ ಚಿಮ್ಮಿದ ಹಾಗೇ! 20 ತೆಗೆದು ನೋಡಿದ್ರೂ 12% ಸಲ ಒಂದೂ ಸಿಕ್ಕಿಬೀಳಲ್ಲ. ಅದರ ಮೇಲೆ ಆ ಸ್ಯಾಂಪಲನ್ನೂ ಸೀದಾ ಹಳಿ ಮೇಲೆ ಮಾತ್ರ ಓಡಿಸಿದ್ರೆ ಕಾಕಾನ ಎಂಜಿನ್ ಪಾಸೇ ಆಗ್ತಿತ್ತು. ಏನನ್ನ ಪರೀಕ್ಷೆ ಮಾಡ್ತೀವಿ ಅನ್ನೋದು ಎಷ್ಟನ್ನ ಪರೀಕ್ಷೆ ಮಾಡ್ತೀವಿ ಅನ್ನೋದಕ್ಕಿಂತ ದೊಡ್ಡದು.

ಕೆಲವು ದೋಷ ಗಿರಾಕಿಯ ಕಣ್ಣಿಗೆ ಬೀಳೋದೇ ಇಲ್ಲ. ಮಾಡೆಲ್ ಎಂಜಿನ್‌ನ ಅಡಿಗಟ್ಟನ್ನ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ತಾರೆ. ಅದರಲ್ಲಿ ಸೀಸ ಸ್ವಲ್ಪ ಬೆರೆತರೂ ಸಾಕು, ಹರಳುಗಳ ನಡುವೆ ಒಳಗಿಂದೊಳಗೇ ತುಕ್ಕು ಶುರುವಾಗುತ್ತೆ. ಕೆಲವು ವರ್ಷ ಆದ್ಮೇಲೆ ಲೋಹ ಉಬ್ಬಿ, ಬಿರುಕು ಬಿಟ್ಟು, ಬಿಸ್ಕತ್ ಥರ ಪುಡಿಯಾಗುತ್ತೆ. ರಿಪೇರಿ ಇಲ್ಲ. ಇದನ್ನ ಯಾವ "7 ದಿನದೊಳಗೆ ರಿಟರ್ನ್" ಹಿಡಿಯುತ್ತೆ ಹೇಳಿ? ಕಚ್ಚಾ ಲೋಹ ಕರಗಿಸೋ ಮುಂಚೆ ಪರೀಕ್ಷೆ ಮಾಡಿದ್ರೆ ಮಾತ್ರ ಹಿಡಿಯೋಕೆ ಆಗುತ್ತೆ.

"ಐಎಸ್‌ಐ ಮಾರ್ಕ್ ಇದೆಯಲ್ಲ?" ಅಂತ ರೂಮ್‌ಮೇಟ್ ಕೇಳಿದ. ಒಳ್ಳೇ ಪ್ರಶ್ನೆ. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಮಾರ್ಕ್ ಕಡ್ಡಾಯ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಅನ್ನೋ ಮಾನದಂಡ. ಇದು ಒಳ್ಳೇ ಕಾನೂನು. ಆದ್ರೆ ಅದು ನೋಡೋದು ಸುರಕ್ಷತೆಯನ್ನ: ಮಗುವಿಗೆ ಶಾಕ್ ಹೊಡೀಬಾರದು, ವಸ್ತು ಕಾದು ಬೆಂಕಿ ಹತ್ತಬಾರದು, ಇಂಥದ್ದು. ಎಂಜಿನ್ ಪಾಯಿಂಟ್ ದಾಟುತ್ತಾ ಇಲ್ವಾ ಅಂತ ಅದು ನೋಡಲ್ಲ. ಮೇಲಾಗಿ ಆ ಆದೇಶ 14 ವರ್ಷದ ಕೆಳಗಿನ ಮಕ್ಕಳ ಆಟಿಕೆಗಳಿಗೆ. ದೊಡ್ಡವರು ಸಂಗ್ರಹಿಸೋ ಮಾಡೆಲ್ ಅದರ ಹೊರಗೇ ಉಳಿಯುತ್ತೆ. ಸುರಕ್ಷಿತವಾದ ವಸ್ತು ಅಂದ್ರೆ ಒಳ್ಳೇ ವಸ್ತು ಅಂತಲ್ಲ.

ಈಗ ಬರ್ತೀನಿ ನಿಜವಾದ ನೋವಿಗೆ. ಕಾಕಾ ರಿಟರ್ನ್ ಹಾಕೋಕೆ ಹೋದ್ರು. "ನಿಮ್ಮ ಪಿನ್‌ಕೋಡ್‌ನಿಂದ ವಾಪಸ್ ಪಡೆಯುವ ಸೌಲಭ್ಯ ಇಲ್ಲ" ಅಂತ ಮೆಸೇಜ್ ಬಂತು. ಅದೇ ಪಿನ್‌ಕೋಡ್‌ಗೆ ಮಾಲು ತಂದು ಕೊಡೋವಾಗ ಇರದ ತೊಂದರೆ ವಾಪಸ್ ಒಯ್ಯೋವಾಗ ಎಲ್ಲಿಂದ ಬಂತು? ನೀವೇ ಸ್ವಂತ ಖರ್ಚಲ್ಲಿ ಕೊರಿಯರ್ ಮಾಡಿ ಅಂದ್ರು. ಹುಮನಾಬಾದ್‌ಗೆ ಬಸ್ಸು, ಒಂದು ದಿನದ ರಜೆ, ಕೊರಿಯರ್ ಚಾರ್ಜು. ದಾರಿಯಲ್ಲಿ ಮುರಿದ್ರೆ ಜವಾಬ್ದಾರಿ ನಮ್ದೇ. ಹೋಗ್ಲಿ, ನಾವೇ ಗಾಲಿ ಸರಿಸಿಕೊಳ್ಳೋಣ ಅಂದ್ರೆ, ಬಿಚ್ಚಿದ್ರೆ ವಾರಂಟಿ ಇಲ್ಲ. ಬಿಚ್ಚದೇ ಇದ್ರೆ ಎಂಜಿನ್ ಓಡಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇದೇ ಎಂಜಿನ್ ಕೆಟ್ಟು ಬಂದಿದ್ರೆ ಮರುದಿನ ಬಾಗಿಲಿಗೆ ಹುಡುಗ ಬಂದು ತಗೊಂಡು ಹೋಗ್ತಿದ್ದ. ಒಂದೇ ದುಡ್ಡು, ಒಂದೇ ದೋಷ, ಎರಡು ನ್ಯಾಯ.

"ಇದೆಲ್ಲ ಶೋಕಿ ಮಾಡೋರ ಸಮಸ್ಯೆ ಬಿಡಪ್ಪ" ಅನ್ನೋರಿಗೆ ಒಂದು ಮಾತು. ಎಂಜಿನ್ ಜಾಗದಲ್ಲಿ ತೊಗರಿ ಹೊಲದ ಬೋರ್‌ವೆಲ್ ಮೋಟರ್ ಇಡಿ. ಔಷಧಿ ಹೊಡೆಯೋ ಪಂಪ್ ಇಡಿ. ಅವ್ವನ ಮಿಕ್ಸಿ ಇಡಿ. ಮಾಡೆಲ್ ಎಂಜಿನ್ ಓಡದಿದ್ರೆ ಒಬ್ಬರ ಸಂಜೆ ಹಾಳು. ಪಂಪ್ ಓಡದಿದ್ರೆ ಒಂದು ಬೆಳೆ ಹಾಳು. ಲೆಕ್ಕ ಒಂದೇ, ದೂರವೂ ಒಂದೇ.

ಕಾನೂನು ನಮ್ಮ ಕಡೆ ಪೂರ್ತಿ ಇಲ್ಲ ಅಂತೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವನು ಮುಂಬೈಯಲ್ಲಿದ್ರೂ ದೂರು ಬೀದರ್‌ನ ಜಿಲ್ಲಾ ಆಯೋಗಕ್ಕೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ನೋಡಬಹುದು. ನಮ್ಮ ಕ್ಯಾಂಪಸ್‌ನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಮನೆಗೆ ಫೋನ್ ಮಾಡಿದಾಗ ಹೇಳಿ, ಉಪಯೋಗಕ್ಕೆ ಬರುತ್ತೆ. ಆದ್ರೂ ಗಾಯ ಆದ್ಮೇಲೆ ಹಚ್ಚೋ ಮುಲಾಮು ಅದು. ಗಾಯ ಆಗದ ಹಾಗೆ ನೋಡೋದು ಎಂಜಿನಿಯರ್ ಕೆಲಸ.

ಆ ಕೆಲಸದ ವಿದ್ಯೆ ನಮಗೆ ಹೊಸದೂ ಅಲ್ಲ. ಕಾರ್ಖಾನೆಯ ತಪ್ಪನ್ನ ಅದು ಆಗ್ತಿರುವಾಗಲೇ ಗ್ರಾಫ್ ಹಾಕಿ ಹಿಡಿಯಬಹುದು ಅಂತ ವಾಲ್ಟರ್ ಶೂಹಾರ್ಟ್ 1924ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ತೋರಿಸಿದ್ರು. ಸ್ವಾತಂತ್ರ್ಯ ಬಂದ ಹೊಸತರಲ್ಲೇ, 1947–48ರಲ್ಲಿ, ಪಿ.ಸಿ. ಮಹಲನೋಬಿಸ್ ಅವರನ್ನ ಭಾರತಕ್ಕೆ ಕರೆಸಿದ್ರು. ನಾವು ಕಂಟ್ರೋಲ್ ಚಾರ್ಟನ್ನ ಹತ್ತು ಮಾರ್ಕ್ಸ್‌ನ ಪ್ರಶ್ನೆ ಅಂತ ಬಾಯಿಪಾಠ ಮಾಡ್ತೀವಿ. ಅದರ ಇನ್ನೊಂದು ತುದಿಯಲ್ಲಿ ಒಬ್ಬ ಗಿರಾಕಿ ಇದ್ದಾನೆ ಅಂತ ಯಾರೂ ಹೇಳಿಕೊಡಲ್ಲ.

ನಾನು ಕೇಳೋದು ಮೂರೇ. ಒಂದು, ಬಾಕ್ಸ್ ಮೇಲೆ "ಪರೀಕ್ಷಿಸಲಾಗಿದೆ" ಅಂತ ಬರೀ ಸೀಲ್ ಬೇಡ, ಯಾವ್ಯಾವ ಪರೀಕ್ಷೆ ಅಂತ ಬರೀರಿ. ಎರಡು, ಸಣ್ಣ ದೋಷವನ್ನ ಗಿರಾಕಿ ತಾನೇ ಸರಿಮಾಡಿಕೊಂಡ್ರೆ ವಾರಂಟಿ ಕಿತ್ತುಕೊಳ್ಳಬೇಡಿ, ಬಿಡಿಭಾಗ ಮಾರಿ. ಮೂರನೇದು ಎಲ್ಲಕ್ಕಿಂತ ಮುಖ್ಯ: ಯಾವ ಪಿನ್‌ಕೋಡ್‌ಗೆ ಮಾಲು ತಲುಪಿಸ್ತೀರೋ ಆ ಪಿನ್‌ಕೋಡ್‌ನಿಂದ ವಾಪಸ್ ತಗೊಳ್ಳಲೇಬೇಕು. ಇದು ನಿಯಮ ಆಗಲಿ. ದೂರದ ಊರಿಂದ ಕೆಟ್ಟ ಮಾಲು ವಾಪಸ್ ತರೋ ಖರ್ಚು ಕಂಪನಿಯ ತಲೆ ಮೇಲೆ ಬಿದ್ದ ದಿನ ಗೇಜ್ ತಾನಾಗೇ ಕಾರ್ಖಾನೆಯ ಮೇಜಿಗೆ ಬರುತ್ತೆ. "ಬೆಲೆ ಜಾಸ್ತಿ ಆಗುತ್ತೆ" ಅಂತಾರೆ. ಆ ಬೆಲೆಯನ್ನ ಈಗಲೂ ಒಬ್ಬರು ಕೊಡ್ತಾನೇ ಇದ್ದಾರೆ, ಬಿಲ್‌ನಲ್ಲಿ ಕಾಣಲ್ಲ ಅಷ್ಟೇ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಯಾವುದೋ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೂತಿರ್ತೀವಿ. ತಿಂಗಳ ಕೊನೆ, ಟಾರ್ಗೆಟ್ ಬಾಕಿ, "ಹೋಗ್ಲಿ ಬಿಡಿ, ಕೆಟ್ಟಿದ್ರೆ ರಿಟರ್ನ್ ಹಾಕ್ತಾರೆ" ಅಂತ ಮೇಲಿನವರು ಹೇಳ್ತಾರೆ. ಆಗ ಒಂದೇ ಪ್ರಶ್ನೆ ಕೇಳಿ: "ಸರ್, ಈ ಬಾಕ್ಸ್ ಯಾವ ಊರಿಗೆ ಹೋಗ್ತಾ ಇದೆ?"