ಸೈಕಲ್ಲು ಹತ್ತಲು ಪಾಸ್‌ಪೋರ್ಟು ಬೇಕೇ?

ಹಂಪಿಯ ರಸ್ತೆಯಲ್ಲಿ ಸೈಕಲ್ಲು ತುಳಿಯುತ್ತ ಹೋಗುವ ಪರದೇಶದ ಹೆಂಗಸರನ್ನು ನೀವೆಲ್ಲ ನೋಡಿರುತ್ತೀರಿ. ತಲೆಗೊಂದು ಟೋಪಿ, ಬೆನ್ನಿಗೊಂದು ಚೀಲ, ಬಿಸಿಲಿಗೆ ಕೆಂಪಾದ ಮುಖ. ಕೆಲವರಿಗೆ ಅರವತ್ತು ದಾಟಿದಂತೆ ಕಾಣುತ್ತದೆ. ಹೊಸಪೇಟೆಯಿಂದ ಕಾರಿನಲ್ಲೋ ಆಟೋದಲ್ಲೋ ಹೊರಟ ನಾವು ಅವರನ್ನು ನೋಡಿ, “ಪಾಪ, ಬಿಸಿಲಾಗ ಎಷ್ಟು ಕಷ್ಟಪಡ್ತಾರ ನೋಡ್ರಿ” ಅನ್ನುತ್ತೇವೆ. ಇಲ್ಲವೇ, “ಅವರಿಗೇನ್ರೀ, ಕೇಳೋರಿಲ್ಲ ಹೇಳೋರಿಲ್ಲ” ಅನ್ನುತ್ತೇವೆ. ನನಗೆ ಈ ಎರಡೂ ಮಾತಿನ ಮೇಲೆ ತಕರಾರಿದೆ. ಮೊದಲನೆಯದು ಸುಳ್ಳು, ಅವರು ಕಷ್ಟಪಡುತ್ತಿಲ್ಲ, ಸುಖಪಡುತ್ತಿದ್ದಾರೆ. ಎರಡನೆಯದರಲ್ಲಿ ನಮ್ಮ ಹೊಟ್ಟೆಕಿಚ್ಚು ಅಡಗಿದೆ.

ನಮ್ಮ ಓಣಿಯ ಗೆಳತಿಯೊಬ್ಬರ ಮಗಳು ಹಾಲೆಂಡಿನಲ್ಲಿದ್ದಾಳೆ. ಬಾಣಂತನಕ್ಕೆಂದು ಹೋದ ಈಕೆ ಆರು ತಿಂಗಳು ಅಲ್ಲಿದ್ದು ಬಂದರು. ಅಲ್ಲಿಂದ ಮೊಬೈಲಿಗೆ ಬಂದ ಫೋಟೋಗಳಲ್ಲಿ ಅರ್ಧಕ್ಕರ್ಧ ಸೈಕಲ್ಲಿನವೇ. ಅಂಗಡಿಗೆ ಸೈಕಲ್ಲು, ಪಾರ್ಕಿಗೆ ಸೈಕಲ್ಲು, ರಜೆಯ ದಿನ ಕಾಲುವೆಯ ದಂಡೆಯಲ್ಲಿ ಸೈಕಲ್ಲು. ಊರಿಗೆ ಬಂದ ಮಾರನೆಯ ದಿನ ತರಕಾರಿ ಮಾರ್ಕೆಟ್ಟಿಗೆ ಒಂದು ಕಿಲೋಮೀಟರ್ ಹೋಗಲು ಆಟೋದವನ ಜೊತೆ ಚೌಕಾಸಿ ನಡೆಸಿದ್ದರು. ಯಾಕ್ರೀ ಹೀಗೆ ಎಂದು ಕೇಳಿದರೆ, “ಅಲ್ಲಿ ನಮ್ಮನ್ನ ನೋಡೋರು ಯಾರಿದ್ದಾರ ಟೀಚರ್? ಇಲ್ಲಿ ಎಲ್ಲಾರೂ ಗೊತ್ತಿರೋರು” ಅಂದರು.

ಈ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಕಾಲಿನ ಶಕ್ತಿ ಅದೇ, ವಯಸ್ಸು ಅದೇ. ಬದಲಾದದ್ದು ನೋಡುವ ಕಣ್ಣು ಮಾತ್ರ. ಪರವೂರಿನ ಸಾವಿರ ಕಣ್ಣಿಗೆ ಹೆದರದ ಹೆಂಗಸು ತನ್ನೂರಿನ ನಾಲ್ಕು ಕಣ್ಣಿಗೆ ಹೆದರುತ್ತಾಳೆ. ಹಾಗಾದರೆ ನಮಗೆ ಸೈಕಲ್ಲು ಹತ್ತಲು ಪಾಸ್‌ಪೋರ್ಟು, ವೀಸಾ ಬೇಕೇ?

ಹಾಲೆಂಡಿನಲ್ಲಿ ರಸ್ತೆ ಚೆನ್ನಾಗಿದೆ, ಸೈಕಲ್ಲಿಗೇ ಬೇರೆ ದಾರಿ ಇದೆ ಎನ್ನುತ್ತಾರೆ. ನಿಜ. ಆದರೆ ಆ ದಾರಿಯೇನು ಆಕಾಶದಿಂದ ಉದುರಿತೇ? ಯುದ್ಧ ಮುಗಿದ ಮೇಲೆ ಆ ದೇಶವೂ ನಮ್ಮ ಹಾಗೆ ಕಾರಿನ ಹುಚ್ಚು ಹಿಡಿಸಿಕೊಂಡಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಾಯಂದಿರು, ಮಕ್ಕಳು ಬೀದಿಗಿಳಿದು ರಸ್ತೆ ತಡೆದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಅವರ ಚಳವಳಿಯ ಹೆಸರು. 1973ರಲ್ಲಿ ಎಣ್ಣೆಯ ಬಿಕ್ಕಟ್ಟೂ ಬಂತು, ಸರ್ಕಾರ ದಾರಿಗೆ ಬಂತು. ನಮ್ಮ ಗೆಳತಿ ಸುಖವಾಗಿ ತುಳಿದಾಡಿದ ದಾರಿ ಹೀಗೆ ಹೆಂಗಸರೂ ಸೇರಿ ಕೇಳಿ ಪಡೆದದ್ದು. ರಸ್ತೆ ಮೊದಲು ಸರಿಯಾಗಲಿ, ಆಮೇಲೆ ತುಳಿಯುತ್ತೇವೆ ಎಂದರೆ ನೀರಿಗಿಳಿಯದೆ ಈಜು ಕಲಿಯುತ್ತೇನೆ ಎಂದ ಹಾಗೆ. ಬೀದಿಯಲ್ಲಿ ಹೆಂಗಸರ ಸೈಕಲ್ಲೇ ಕಾಣದಿದ್ದರೆ ಯಾವ ನಗರಸಭೆ ತಾನೇ ಅದಕ್ಕಾಗಿ ದಾರಿ ಮಾಡೀತು?

ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡನ್ನೇ ನೋಡಿ. 1990ರ ದಶಕದ ಆರಂಭದಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಆಗ ಅಲ್ಲಿ ಕಲೆಕ್ಟರ್ ಆಗಿದ್ದವರು ಶೀಲಾ ರಾಣಿ ಚುಂಕತ್. ಕಲ್ಲು ಕ್ವಾರಿಯ ಕೂಲಿಗಳು, ಹೊಲದ ಕೂಲಿಗಳು, ಅಂಗನವಾಡಿಯವರು, ಶಾಲೆಯ ಟೀಚರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಹೆಂಗಸರ ಸೈಕಲ್ಲು ಸಿಗದಿದ್ದರೆ ಗಂಡಸರ ಸೈಕಲ್ಲನ್ನೇ ಹತ್ತಿದರು. ಅವರನ್ನೂ ಊರವರು ಆಡಿಕೊಂಡರು. ಎಲ್ಲರೂ ತುಳಿಯತೊಡಗಿದ ಮೇಲೆ ಆಡಿಕೊಳ್ಳುವವರಿಗೇ ಬೇಸರ ಬಂತು.

ನಮ್ಮಲ್ಲೂ 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಟ್ಟಿತು. ಕೋವಿಡ್ ಬಂದಾಗ ಅದು ನಿಂತಿತು. ಆ ವರ್ಷಗಳಲ್ಲಿ ಹಳ್ಳಿಯ ಹುಡುಗಿಯರು ಸಾಲಾಗಿ ಬೆಲ್ಲು ಹೊಡೆಯುತ್ತ ಶಾಲೆಗೆ ಬರುವುದನ್ನು ನೋಡುವುದೇ ಒಂದು ಹಬ್ಬವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆ ಸೈಕಲ್ಲುಗಳು ಎಲ್ಲಿಗೆ ಹೋದವು? ತಮ್ಮನಿಗೆ ಹೋದವು, ಅಪ್ಪನ ಹೊಲಕ್ಕೆ ಹುಲ್ಲು ಹೊರಲು ಹೋದವು. ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಹತ್ತು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಡು, ಸೈಕಲ್ಲು ತುಳಿಯುತ್ತೀಯೇನೇ ಎಂದೆ. “ಅಯ್ಯ ಟೀಚರ್, ಮದುವಿ ಆಗೇತಲ್ರೀ” ಅಂದಳು. ಮದುವೆಯಾದರೆ ಕಾಲು ಬಿದ್ದುಹೋಗುತ್ತವೆಯೇ?

ಸಂಸ್ಕೃತಿಯ ಮಾತು ಎತ್ತುವವರಿಗೂ ಒಂದು ಮಾತು. ನಾವು ಯಾವ ಊರಿನ ಮಗ್ಗುಲಲ್ಲಿ ಕೂತು ಈ ಮಾತು ಆಡುತ್ತಿದ್ದೇವೆ? ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ನೂನಿಜ್, ಅರಮನೆಯಲ್ಲಿ ಲೆಕ್ಕ ಬರೆಯುವ ಹೆಂಗಸರಿದ್ದರು, ಜ್ಯೋತಿಷ್ಯ ಹೇಳುವವರಿದ್ದರು, ಕುಸ್ತಿ ಆಡುವವರೂ ಇದ್ದರು ಎಂದು ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು, ಹದಿನಾಲ್ಕನೇ ಶತಮಾನದಲ್ಲಿ, ಗಂಗಾದೇವಿ ತನ್ನ ಗಂಡ ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತ ಕಾವ್ಯವಾಗಿ ಬರೆದಳು. ಕುಸ್ತಿ ಆಡಿದ ಹೆಂಗಸರ ಊರಿನಲ್ಲಿ ಸೈಕಲ್ಲು ತುಳಿದರೆ ಯಾವ ಸಂಸ್ಕೃತಿ ಕೆಟ್ಟೀತು? ಇಂದೂ ವಿಜಯ ವಿಠ್ಠಲ ದೇವಸ್ಥಾನಕ್ಕೆ ಜನರನ್ನು ಕರೆದೊಯ್ಯುವ ಬ್ಯಾಟರಿ ಗಾಡಿಗಳನ್ನು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಓಡಿಸುತ್ತ ಬಂದಿದ್ದಾರೆ. ಆ ಗಾಡಿಯಲ್ಲಿ ಕೂತು ಹೋಗುವ ನಾವೇ “ಹೆಂಗಸರಿಗೆ ಇದೆಲ್ಲ ಯಾಕೆ” ಎನ್ನುತ್ತೇವೆ.

ಇನ್ನೊಂದು ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. 2025ರ ಮಾರ್ಚಿನಲ್ಲಿ ನದಿಯ ಆಚೆ ಸಾಣಾಪುರದ ಕಾಲುವೆಯ ಬಳಿ ರಾತ್ರಿ ಹೊತ್ತು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು, ಜೊತೆಗಿದ್ದ ಪ್ರವಾಸಿಯೊಬ್ಬ ನೀರುಪಾಲಾಗಿ ಸತ್ತ. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ, “ನೋಡಿದ್ರಾ? ಅದಕ್ಕೇ ಮನಿಯಾಗ ಇರಬೇಕು ಅನ್ನೋದು” ಎಂಬ ಮಾತು ಬಂತು. ಅಪರಾಧ ಮಾಡಿದವರು ಗಂಡಸರು, ಬಾಗಿಲು ಹಾಕಿಕೊಳ್ಳಬೇಕಾದವರು ನಾವು! ಇದು ಯಾವ ನ್ಯಾಯ? ಎಚ್ಚರ ಬೇಕು, ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಬೇಕು, ಒಂಟಿಯಾಗಿ ನಿರ್ಜನ ದಾರಿ ಹಿಡಿಯಬಾರದು. ಇದನ್ನು ನಾನೂ ಹೇಳುತ್ತೇನೆ. ಆದರೆ ಹೆಂಗಸರು ಖಾಲಿ ಮಾಡಿದ ರಸ್ತೆ ಉಳಿದ ಹೆಂಗಸರಿಗೆ ಇನ್ನಷ್ಟು ಅಪಾಯದ್ದಾಗುತ್ತದೆ. ಹತ್ತು ಜನ ಓಡಾಡುವ ದಾರಿಯಲ್ಲಿ ಹನ್ನೊಂದನೆಯವಳಿಗೆ ಧೈರ್ಯ ಬರುತ್ತದೆ.

ಬರೀ ವಾದ ಮಾಡಿದರೆ ಹೊಟ್ಟೆ ತುಂಬುವುದಿಲ್ಲ. ಎರಡು ದಿನ ರಜೆ ಸಿಕ್ಕರೆ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ನಾವು ನಾಲ್ಕೈದು ಜನ ಟೀಚರುಗಳು ಹಲವು ಸಲ ಹೋಗಿಬಂದ ಅನುಭವದಿಂದ ಹೇಳುವ ಮಾತಿದು.

ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗಿ. ಮಾರ್ಚ್ ಬಂತೆಂದರೆ ಬಂಡೆಗಳೇ ಒಲೆಯಾಗುತ್ತವೆ. ಹಂಪಿ ಉತ್ಸವ, ತೇರಿನ ದಿನಗಳು ಬೇಡ, ಜನಜಂಗುಳಿಯಲ್ಲಿ ಸೈಕಲ್ಲು ತಳ್ಳುವುದೇ ಆಗುತ್ತದೆ. ಹೊಸಪೇಟೆಯ ತನಕ ಬಸ್ಸಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯೂ ಇಲ್ಲ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್. ಅಭ್ಯಾಸವಿಲ್ಲದವರು ಬಸ್ಸಿನಲ್ಲೇ ಹಂಪಿಗೋ ಕಮಲಾಪುರಕ್ಕೋ ಹೋಗಿ ಅಲ್ಲಿ ಬಾಡಿಗೆ ಸೈಕಲ್ಲು ಹಿಡಿಯುವುದು ಲೇಸು.

ಸೈಕಲ್ಲನ್ನು ಬಾಡಿಗೆಗೆ ತೆಗೆದುಕೊಳ್ಳುವಾಗ ಸೀರೆ ಆರಿಸುವಷ್ಟೇ ನಿಗಾ ಇರಲಿ. ಎರಡೂ ಬ್ರೇಕು ಹಿಡಿದು ನೋಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ. ಬೆಲ್ಲು, ಬೀಗ ಇವೆಯೇ ನೋಡಿ. ಸೀಟಿನ ಮೇಲೆ ಕೂತಾಗ ಕೆಳಗಿನ ಪೆಡಲಿನ ಮೇಲಿಟ್ಟ ಕಾಲು ಮೊಣಕಾಲಿನಲ್ಲಿ ತುಸುವೇ ಬಗ್ಗಿರಬೇಕು. ಸೀಟು ತೀರಾ ತಗ್ಗಿದ್ದರೆ ಸಂಜೆಗೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ಬೈಯಿಸಿಕೊಳ್ಳುವುದು ವಯಸ್ಸು! ಚೂಡಿದಾರ್ ಒಳ್ಳೆಯದು, ವೇಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಸೀರೆಯೇ ಆಗಬೇಕೆಂದರೆ ನೆರಿಗೆ ತುಸು ಮೇಲಕ್ಕೆ ಉಟ್ಟು, ಸೆರಗು ಸಿಕ್ಕಿಸಿ, ಚೈನಿಗೆ ಮುಚ್ಚಳವಿರುವ ಹೆಂಗಸರ ಸೈಕಲ್ಲನ್ನೇ ಕೇಳಿ. ಮೊಣಕಾಲು ನೋವು, ಬಿ.ಪಿ. ಇದ್ದವರು ಡಾಕ್ಟರನ್ನು ಕೇಳಿಕೊಂಡು ಹೊರಡಿ.

ಬೆಳಿಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ನೆರಳು ಸೇರಿ. ಮತ್ತೆ ನಾಲ್ಕಕ್ಕೆ ಹೊರಟು ಬೆಳಕಿರುವಾಗಲೇ ವಾಪಸಾಗಿ. ನೀರು, ನಿಂಬೆಹಣ್ಣು, ಉಪ್ಪು, ಶೇಂಗಾ ಚಿಕ್ಕಿ ಜೊತೆಗಿರಲಿ. ಬಾಳೆಹಣ್ಣನ್ನು ಕವರಿನಲ್ಲಿ ತೂಗುಹಾಕಬೇಡಿ, ವಿರೂಪಾಕ್ಷ ಗುಡಿಯ ಮಂಗಗಳು ನಮಗಿಂತ ಚುರುಕು.

ಮೊದಲ ದಿನ ಹಂಪಿಯ ಮಗ್ಗುಲು ಸಾಕು: ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಕೃಷ್ಣ ದೇವಸ್ಥಾನ, 1528ರ ಲಕ್ಷ್ಮೀನರಸಿಂಹ, ಪಕ್ಕದ ಬಡವಿಲಿಂಗ, ವಿರೂಪಾಕ್ಷ. ಎರಡನೆಯ ದಿನ ಕಮಲಾಪುರದ ಕಡೆ: ರಾಣಿಯ ಸ್ನಾನದ ಕೊಳ, ಮಹಾನವಮಿ ದಿಬ್ಬ, ಹಜಾರರಾಮ, ಕಮಲ ಮಹಲು, ಆನೆಲಾಯ, ಆಮೇಲೆ ವಿಠ್ಠಲ. ಕಮಲ ಮಹಲಿನ ಆವರಣಕ್ಕೆ ಕೊಂಡ ಟಿಕೆಟ್ಟು ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ, ಎಸೆಯಬೇಡಿ. ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ತುರ್ತಾ ಕಾಲುವೆಯ ಪಕ್ಕದ ಬಾಳೆ ತೋಟಗಳ ಮಧ್ಯೆ ಒಂದು ಗಳಿಗೆ ನಿಲ್ಲಿ. ವಿಜಯನಗರದ ಅರಸರು ತೆಗೆಸಿದ ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಕಾರಿನಲ್ಲಿ ಹೋದವರಿಗೆ ಇದು ಕಾಣುವುದಿಲ್ಲ.

ಕಂಪ್ಲಿಗೆ ಹೋಗುವ ಆಸೆಯಿದ್ದರೆ ಅಭ್ಯಾಸವಾದ ಮೇಲೆ ಹೋಗಿ. ಗದ್ದೆ, ತೋಟಗಳ ದಾರಿ ಚೆಂದ, ಆದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಎಡಕ್ಕೆ ಸರಿದು ನಿಂತು ದಾರಿ ಬಿಡಿ. ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ಮಳೆಗಾಲದಲ್ಲಿ ವಿಚಾರಿಸಿಯೇ ಹೊರಡಿ. ಸಂಡೂರಿನ ದಾರಿಗೆ ಮಾತ್ರ ಸೈಕಲ್ಲು ಬೇಡ. ಘಾಟಿಯ ಏರು, ಅದಿರಿನ ಲಾರಿಗಳು, ಕೆಂಪು ಧೂಳು. ಬಸ್ಸಿನಲ್ಲಿ ಹೋಗಿ, ಗುಡ್ಡ ನೋಡಿ, ಲಂಬಾಣಿ ಹೆಂಗಸರ ಕಸೂತಿ ನೋಡಿ ಬನ್ನಿ. ನಾನು ಧೈರ್ಯ ಮಾಡಿ ಎನ್ನುತ್ತೇನೆಯೇ ಹೊರತು ಲಾರಿಗೆ ತಲೆ ಕೊಡಿ ಎನ್ನುವುದಿಲ್ಲ.

ಇಷ್ಟಕ್ಕೆ ನನ್ನ ಜಗಳ ಮುಗಿಯಲಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಇದು. 50 ರೂಪಾಯಿ ನೋಟಿನ ಮೇಲೂ ಇದರ ಕಲ್ಲಿನ ರಥ ಕೂತಿದೆ. ಇಂಥ ಊರಿನ ದಾರಿಗಳಲ್ಲಿ ಸಂಜೆಗೆ ದೀಪ, ಹೆಂಗಸರಿಗೆ ಚೊಕ್ಕ ಶೌಚಾಲಯ, ಮಹಿಳಾ ಪೊಲೀಸರ ಗಸ್ತು, ಸೈಕಲ್ಲಿಗೆ ರಸ್ತೆಯಂಚಿನಲ್ಲಿ ಒಂದು ಪಟ್ಟಿ ಇರಲೇಬೇಕು. 2021ರಲ್ಲಿ ಹೊಸಪೇಟೆಗೆ ಜಿಲ್ಲಾ ಕೇಂದ್ರದ ಪಟ್ಟವೂ ಸಿಕ್ಕಿತು, ಕಚೇರಿಗಳು ನಮ್ಮ ಮನೆ ಬಾಗಿಲಿಗೇ ಬಂದಿವೆ. ಮಹಿಳಾ ಮಂಡಳಿಗಳು ರಂಗೋಲಿ ಸ್ಪರ್ಧೆ ಮಾಡಲಿ, ಬೇಡವೆನ್ನುವುದಿಲ್ಲ. ಜೊತೆಗೆ ಇಂಥದ್ದೊಂದು ಅರ್ಜಿಯನ್ನೂ ಬರೆಯಲಿ. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ತುಳಿಯಲು ಬಾರದವರಿಗೆ ಕಲಿಸಲಿ.

ಅತ್ತೆಯಂದಿರೇ, ಸೊಸೆ ಸೈಕಲ್ಲು ಹತ್ತಿದರೆ ಮನೆಯ ಮರ್ಯಾದೆ ಕೆಳಗಿಳಿಯುವುದಿಲ್ಲ. ಸೊಸೆಯರೇ, ಅತ್ತೆಯನ್ನೂ ಕೇಳಿ ನೋಡಿ, ಆಕೆಗೂ ಆಸೆ ಇದ್ದೀತು. ಗಂಡಂದಿರೇ, ಟೈರಿಗೆ ಗಾಳಿ ಹೊಡೆದುಕೊಡಿ, ಸಾಕು. ಮನೆಯ ಮೂಲೆಯಲ್ಲಿ ಮಗಳ ಹಳೆಯ ಸೈಕಲ್ಲು ತುಕ್ಕು ಹಿಡಿದು ನಿಂತಿದ್ದರೆ ಈ ವಾರವೇ ಅದನ್ನು ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋಗಿ. ಟ್ಯೂಬು ಹಾಕಿಸಿ, ಚೈನಿಗೆ ಎಣ್ಣೆ ಬಿಡಿಸಿ. ಅಂಗಡಿಯವನು “ಯಾರಿಗ್ರೀ ಅಕ್ಕ ಇದು?” ಎಂದು ಕೇಳಿದರೆ, “ನನಗಪ್ಪ” ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿ.