ಕೊಂಡ ತಂತ್ರಾಂಶಕ್ಕೂ ವರ್ಷ ವರ್ಷ ಗೇಣಿಯೇ?

ಲಿಂಗದಹಳ್ಳಿಯ ಕಡೆ ಅಡಿಕೆ ತೋಟಗಳ ಭೇಟಿ ಮುಗಿಸಿ ಹೊರಟಿದ್ದಾಗ, ರೈತ ಉತ್ಪಾದಕರ ಕಂಪನಿಯೊಂದರ ನಿರ್ದೇಶಕರು ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದರು. ಲೆಕ್ಕ ಬರೆಯಲು ಅವರು ಪೂರ್ತಿ ಬೆಲೆ ತೆತ್ತು ತಂತ್ರಾಂಶ ಕೊಂಡಿದ್ದರು. ಈಗ ವರ್ಷ ವರ್ಷ ಚಂದಾ ಕಟ್ಟಿರೆನ್ನುತ್ತಾರಂತೆ. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. "ಪಂಪ್‌ಸೆಟ್ ಕೊಂಡವನು ನೀರೆತ್ತಲು ಅಂಗಡಿಗೆ ಬಾಡಿಗೆ ಕೊಡುತ್ತಾನೆಯೇ ಸ್ವಾಮಿ?" ಎಂದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಒಡೆಯನಾದ. ಇಲ್ಲಿ ಒಡೆಯನೇ ಗೇಣಿದಾರನಾಗುವಂತಿದೆ.

ಎಲ್ಲ ಕಂಪನಿಗಳ ಕ್ರಮವೂ ಒಂದೇ ಅಲ್ಲ. ವ್ಯಾಪಾರಿಗಳಿಗೆಲ್ಲ ಪರಿಚಿತವಾದ ಬೆಂಗಳೂರಿನ ಟ್ಯಾಲಿಯನ್ನೇ ನೋಡಿರಿ. ಶಾಶ್ವತ ಪರವಾನಗಿ ಪಡೆದವರು ವಾರ್ಷಿಕ ಚಂದಾ ನವೀಕರಿಸದಿದ್ದರೂ ಕೈಯಲ್ಲಿರುವ ಆವೃತ್ತಿ ನಿಲ್ಲದು. ಹೊಸ ಆವೃತ್ತಿಗಳು ಮಾತ್ರ ದೊರೆಯವು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತಷ್ಟೆ. ಅಂಥ ಬದಲಾವಣೆಯನ್ನು ಹಳೆಯದರಲ್ಲೂ ಕೈಯಾರೆ ನಮೂದಿಸಿಕೊಳ್ಳಬಹುದು.

ನಿಜವಾದ ತೊಡಕು ಬೇರೆಡೆ ಇದೆ. 2023ರ ಏಪ್ರಿಲ್ 1ರಿಂದ, ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು ಗಣಕಯಂತ್ರದಲ್ಲಿ ಲೆಕ್ಕ ಇಡುವುದಾದರೆ, ಪ್ರತಿಯೊಂದು ತಿದ್ದುಪಡಿಯ ಗುರುತೂ ದಿನಾಂಕವೂ ಅಳಿಯದೆ ಉಳಿಯುವ ತಂತ್ರಾಂಶವನ್ನೇ ಬಳಸಬೇಕು. ರೈತ ಉತ್ಪಾದಕರ ಕಂಪನಿಗಳಿಗೂ ಇದು ಅನ್ವಯ. (ಸಹಕಾರ ಕಾಯಿದೆಯಡಿಯ ಸೊಸೈಟಿಗಳಿಗೆ ಈ ನಿಯಮವಿಲ್ಲ.) ಆ ಸೌಲಭ್ಯವಿಲ್ಲದ ಹಳೆಯ ಆವೃತ್ತಿ ಕೆಟ್ಟಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು. ತಂತ್ರಾಂಶ ಕೂತಿರುವ ನೆಲವೂ ಭದ್ರವಲ್ಲ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಹೊಸ ಸೌಲಭ್ಯಕ್ಕೆ ಹಣ ಕೇಳುವುದು ತಪ್ಪೆಂದು ನನಗನಿಸದು; ದುಡಿದವನಿಗೆ ಕೂಲಿ ಬೇಕು. ಆದರೆ ಮಾರಿದ ಮಾಲಿನಲ್ಲೇ ಇದ್ದ ದೋಷದ ರಿಪೇರಿ, ಗಣಕಯಂತ್ರ ಬದಲಾದಾಗ ಪರವಾನಗಿಯ ಮರುಚಾಲನೆ, ನಮ್ಮ ಲೆಕ್ಕವನ್ನು ನಾವು ಹೊರತೆಗೆದುಕೊಳ್ಳುವ ದಾರಿ, ಇವು ಮೊದಲು ಕೊಟ್ಟ ಬೆಲೆಯಲ್ಲೇ ಸೇರಿದಂಥವು. ಇದು ಆಗದ ಮಾತೇನಲ್ಲ. ಅಡೋಬ್ ಕಂಪನಿ ತನ್ನ ಸಿಎಸ್2 ತಂತ್ರಾಂಶದ ಪರವಾನಗಿ ತಪಾಸಿಸುವ ಕೇಂದ್ರವನ್ನು ಮುಚ್ಚಿದಾಗ, ಹಿಂದೆ ಕೊಂಡವರಿಗಾಗಿ 2013ರ ಆರಂಭದಲ್ಲಿ ತಪಾಸಣೆಯೇ ಬೇಡದ ಪ್ರತಿಯನ್ನು ಒದಗಿಸಿತು. ಬೀಗದ ಅಂಗಡಿ ಮುಚ್ಚುವವನು ಕೀಲಿಕೈ ಕೊಟ್ಟು ಹೋದಂತೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ವಿಚಾರ ಕೈಗೆತ್ತಿಕೊಂಡಾಗ ಆರಿಸಿದ ನಾಲ್ಕು ವರ್ಗಗಳಲ್ಲಿ ಕೃಷಿ ಉಪಕರಣ ಒಂದು. ಲೆಕ್ಕದ ತಂತ್ರಾಂಶ ಆ ಪಟ್ಟಿಯಲ್ಲಿಲ್ಲ. ಸಂಘ ಸಂಸ್ಥೆಗಳು ಬರೆದು ಒತ್ತಾಯಿಸಬೇಕಾದುದು ಇಲ್ಲಿ.

ಅಲ್ಲಿಯವರೆಗೆ, ಕೊಳ್ಳುವ ಮುನ್ನ ಎಷ್ಟು ವರ್ಷ ಬೆಂಬಲವೆಂಬುದನ್ನು ಬರಹದಲ್ಲಿ ಪಡೆಯಿರಿ. ರಸೀದಿಯನ್ನೂ ಪರವಾನಗಿ ಸಂಖ್ಯೆಯನ್ನೂ ಕಾಪಾಡಿಡಿ. ಪ್ರತಿ ಮಾರ್ಚ್ ಕೊನೆಗೆ ಖಾತೆ ಪುಸ್ತಕವನ್ನು ಕಾಗದದ ಮೇಲೆ ಅಚ್ಚು ತೆಗೆದು, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಕಡೆ ಇರಿಸಿರಿ.