ಗೋಡೆ ಯಾರದು?

ಗೋಡೆ ಮೇಲೆ ಬರೆಯೋದು ಕಲೆಯೋ, ಕಿಡಿಗೇಡಿತನವೋ? ಸೋದರಿಯರೇ, ಇದಕ್ಕೆ ಉತ್ತರ ನಮ್ಮ ಹೆಣ್ಣುಮಕ್ಕಳಲ್ಲೇ ಇದೆ. ಸಾಗರದ ಕಡೆ ದೀವರ ಹೆಂಗಸರು ಮದುವೆಗೆಂದು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಗೋಡೆಯೂ ಅವರದೇ, ಮಾಸಿದರೆ ಸಾರಿಸಿ ಮತ್ತೆ ಬರೆಯುವವರೂ ಅವರೇ. ಅದು ಕಲೆ.

ಇನ್ನು ಹಂಪಿಗೋ ವಿಜಯಪುರದ ಗೋಲಗುಮ್ಮಟಕ್ಕೋ ಹೋಗಿ, ಮೊಳೆಯಿಂದ ಹೆಸರು ಗೀರಿ, ಪಕ್ಕಕ್ಕೊಂದು ಹೃದಯ ಬರೆದು ಬರ್ತಾರಲ್ಲ, ಅದು? ಅಕ್ಷರ ಎಷ್ಟೇ ದುಂಡಗಿರಲಿ, ಆ ಗೋಡೆ ಒಬ್ಬರದಲ್ಲ. ಕಲ್ಲಿಗೆ ಬಿದ್ದ ಗೀರು ಸಾರಿಸಿದರೆ ಹೋಗೋದೂ ಇಲ್ಲ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿದೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 2 ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಪ್ರತಿ ಕಂಬಕ್ಕೂ ಕಾವಲು ಹಾಕೋಕಾಗುತ್ತಾ, ನೀವೇ ಹೇಳಿ?

ಆ ಕೆಲಸ ಮನೆಯಲ್ಲೇ ಆಗಬೇಕು. ಶಾಲೆ ಪ್ರವಾಸಕ್ಕೆ ಬುತ್ತಿ ಕಟ್ಟುವಾಗ ಮಕ್ಕಳಿಗೆ ಎರಡೇ ಪ್ರಶ್ನೆ ಕೇಳಿ: ಗೋಡೆ ಯಾರದು? ಬರೆದದ್ದು ಅಳಿಸಿದರೆ ಹೋಗುತ್ತಾ? ಹಾಗೇ, ಗೀಚುವ ಮಗುವನ್ನು ಗದರಿಸಿ ಕೂರಿಸಬೇಡಿ. ಹಿತ್ತಲ ಗೋಡೆಯೊಂದನ್ನು ಬಿಟ್ಟುಕೊಡಿ, ಒಂದು ತುಂಡು ಸೀಮೆಸುಣ್ಣ ಕೊಡಿ. ಬರೆಯೋ ಆಸೆ ತಪ್ಪಲ್ಲ, ಅದಕ್ಕೊಂದು ಜಾಗ ಬೇಕು ಅಷ್ಟೆ.